ಎಪ್ಪತ್ತು ಎಂಬತ್ತಾದ ಕೋಣೆ

"ಹದ್ನಾಕೈದ್ಲೆ ಎಷ್ಟು?" ಅಂತ ಅಕ್ಕೋರು ಕೇಳಿದರು. ಮೂರನೇ ಸಾಲಿನ ಹುಡುಗ ಎದ್ದು ನಿಂತು "ಎಪ್ಪತ್ರೀ" ಅಂದ. "ತಪ್ಪು, ಕೂಡು." ಹುಡುಗ ಕೂಡಲಿಲ್ಲ. "ಎಪ್ಪತ್ತ ಅಲ್ಲೇನ್ರಿ ಅಕ್ಕೋರೆ?" ಅಂತ ಇನ್ನೂ ಜೋರಾಗಿ ಕೇಳಿದ. ಅವನ ಪರವಾಗಿ ಹಿಂದಿನ ಬೆಂಚು, ಮುಂದಿನ ಬೆಂಚು ಎಲ್ಲಾ ಸೇರಿ ಕೂಗಿದವು. ಆಗ ಅಕ್ಕೋರಿಗೆ ಎಪ್ಪತ್ತೂ ಕೇಳಲಿಲ್ಲ, ಮೊದಲು ಕೇಳಿಸಿದ್ದ ಎಂಬತ್ತೂ ಕೇಳಲಿಲ್ಲ. ಖಾಲಿ ಕೊಡದೊಳಗೆ ಬಾಯಿಟ್ಟು ಕೂಗಿದ ಹಾಗೆ ಬರೀ ಗುಂಯ್ ಅನ್ನುವ ಸದ್ದು. ಮರುದಿನ ಹುಡುಗನ ಅಪ್ಪ ಮುಖ್ಯಗುರುಗಳ ಹತ್ತಿರ ಬಂದು, "ಸರಿ ಹೇಳಿದ್ರೂ ತಪ್ಪಂದ್ರ ಹುಡುಗ ಏನ್ ಕಲೀಬೇಕ್ರಿ?" ಅಂತ ಕೇಳಿ ಹೋದ.

2023ರ ಸೆಪ್ಟೆಂಬರಿನಲ್ಲಿ ಅಕ್ಕೋರು ಕಲಬುರಗಿಯ ನನ್ನ ಕಿವಿ ಪರೀಕ್ಷೆಯ ಕ್ಲಿನಿಕ್ಕಿಗೆ ಬಂದದ್ದು ಈ ದೂರು ಹೊತ್ತುಕೊಂಡು. ಯಾದಗಿರಿ ಜಿಲ್ಲೆಯ ಶಹಾಪುರದ ಕಡೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅವರು ಗಣಿತ ಕಲಿಸುತ್ತಾರೆ. ಆಗ ವಯಸ್ಸು 41. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಊರಿನ ಹೆಸರು, ಅವರ ಹೆಸರು ಬೇಡ ಅಂದರು. ಊರಿನವರೆಲ್ಲ ಕರೆಯುವ ಹಾಗೆ ಇಲ್ಲಿಯೂ ಅವರು ಅಕ್ಕೋರೇ.

ಹುಟ್ಟಿನಿಂದ ಅವರ ಕಿವಿ ಚೆನ್ನಾಗಿಯೇ ಇತ್ತು. ಮೂವತ್ತರ ಹೊತ್ತಿಗೆ ಎರಡೂ ಕಿವಿ ಮಂದವಾಗತೊಡಗಿ, ಏಳೆಂಟು ವರ್ಷ ಕಿವಿ ಮಷಿನ್ ಹಾಕಿಕೊಂಡು ಕಳೆದರು. ಕೊನೆಗೆ ಮಷಿನ್ ಎಷ್ಟು ಜೋರು ಮಾಡಿದರೂ ಸದ್ದು ಮಾತ್ರ, ಮಾತಿಲ್ಲ ಎನ್ನುವ ಹಂತ ಬಂತು. 2022ರಲ್ಲಿ ಬೇರೆ ಊರಿನಲ್ಲಿ ಬಲಕಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಆಯಿತು: ಹೊರಗಿನ ಪ್ರೊಸೆಸರ್ ಸದ್ದು ಹಿಡಿದು ಕಳಿಸುತ್ತದೆ, ಒಳಕಿವಿಯಲ್ಲಿ ಕೂರಿಸಿದ ಎಲೆಕ್ಟ್ರೋಡುಗಳು ಅದನ್ನು ಸಣ್ಣ ಕರೆಂಟಾಗಿ ನರಕ್ಕೆ ಮುಟ್ಟಿಸುತ್ತವೆ. ಎಡಕಿವಿಯಲ್ಲಿ ಈಗ ಉಪಯೋಗಕ್ಕೆ ಬರುವಷ್ಟು ಶ್ರವಣ ಉಳಿದಿಲ್ಲ. ಭಾಷೆ ಪೂರ್ತಿ ಕಲಿತ ಮೇಲೆ ಕಿವಿ ಕಳೆದುಕೊಂಡವರಿಗೆ ಇಂಪ್ಲಾಂಟ್ ಬೇಗ ಒಗ್ಗುತ್ತದೆ. ಅಕ್ಕೋರಿಗೂ ಹಾಗೇ ಆಯಿತು. ವರ್ಷದೊಳಗೆ ಫೋನಿನಲ್ಲಿ ಮಗಳ ಜೊತೆ ಮಾತಾಡುವಷ್ಟಾದರು.

ನನ್ನ ಪರೀಕ್ಷೆ ಕೋಣೆಯಲ್ಲಿ ಒಂದು ಮೀಟರ್ ದೂರದಿಂದ, ಸಾಧಾರಣ ಮಾತಿನ ಮಟ್ಟದಲ್ಲಿ, ತುಟಿ ಕಾಣದ ಹಾಗೆ 25 ಪದ ಹೇಳಿಸಿದೆ. 22 ಸರಿ. ಯಾರನ್ನು ಕೇಳಿದರೂ ಇದು ಒಳ್ಳೆಯ ಫಲಿತಾಂಶ ಎನ್ನುತ್ತಾರೆ, ನಾನೂ ಅಂದೆ. ಅಕ್ಕೋರು ಮುಖ ನೋಡಿ, "ಇಲ್ಲಿ ಕೇಳಸ್ತದ ಸರ್. ಕ್ಲಾಸಿನ್ಯಾಗ ಕೇಳಂಗಿಲ್ಲ. ನಾ ಪಾಠ ಇಲ್ಲಿ ಹೇಳಂಗಿಲ್ಲಲ್ಲ" ಅಂದರು.

ಆ ಮಾತನ್ನು ಅಂದೇ ಅರ್ಥ ಮಾಡಿಕೊಂಡಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು. ನಾನು ಮಾಡಿದ್ದು ನನ್ನಂಥವರು ಮೊದಲು ಮಾಡುವ ಕೆಲಸವನ್ನೇ: ಲ್ಯಾಪ್‌ಟಾಪಿಗೆ ಪ್ರೊಸೆಸರ್ ಜೋಡಿಸಿ ಮ್ಯಾಪ್ ತಿದ್ದಿದೆ. ಇಂಪ್ಲಾಂಟಿನ ಒಂದೊಂದು ಎಲೆಕ್ಟ್ರೋಡಿಗೂ ಎಷ್ಟು ಸಣ್ಣ ಕರೆಂಟಿಗೆ ಸದ್ದು ಶುರು, ಎಷ್ಟಕ್ಕೆ ಹಿತ ಅಂತ ಗುರುತು ಮಾಡಿದ ಪಟ್ಟಿ ಅದು. ಸೆಪ್ಟೆಂಬರಿನಲ್ಲಿ ಎತ್ತರದ ಸ್ವರಗಳ ಚಾನಲ್‌ಗಳನ್ನು, ಅಂದರೆ ಆ ಸ್ವರಗಳ ಪಾಲಿನ ಎಲೆಕ್ಟ್ರೋಡುಗಳನ್ನು, ಒಂದಿಷ್ಟು ಏರಿಸಿದೆ. ಅಕ್ಟೋಬರಿನಲ್ಲಿ ಗದ್ದಲ ತಗ್ಗಿಸುವ ಪ್ರೋಗ್ರಾಂ ಹಾಕಿಕೊಟ್ಟೆ. ನವೆಂಬರಿನಲ್ಲಿ ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಮೈಕಿನ ಜೋಡಣೆ ಮಾಡಿದೆ. ಪ್ರತಿ ಸಲ ಜೇವರ್ಗಿ ದಾರಿಯ ಬಸ್ಸಿನಲ್ಲಿ ಎರಡು ತಾಸಿಗೂ ಮಿಕ್ಕಿ ಕೂತು ಬರುತ್ತಿದ್ದರು, ನನ್ನ ಕೋಣೆಯಲ್ಲಿ ಚೆನ್ನಾಗಿ ಕೇಳಿಸಿಕೊಳ್ಳುತ್ತಿದ್ದರು, ಮರುದಿನ ತರಗತಿಗೆ ಹೋಗಿ ಮತ್ತೆ ಎಪ್ಪತ್ತಕ್ಕೆ ಎಂಬತ್ತು ಕೇಳಿಸಿಕೊಳ್ಳುತ್ತಿದ್ದರು.

ತರಗತಿ ಎಂದರೆ ಗದ್ದಲ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. 48 ಮಕ್ಕಳ ಗದ್ದಲದಲ್ಲಿ ಒಂದು ದನಿ ಹೂತುಹೋಗುತ್ತಿದೆ, ಗದ್ದಲ ಕಳೆದರೆ ಸಾಕು ಅಂತ ಲೆಕ್ಕ ಹಾಕಿದ್ದೆ.

ಆ ಲೆಕ್ಕ ತಪ್ಪಿದ್ದು ಡಿಸೆಂಬರಿನಲ್ಲಿ. ಅದು ಹತ್ತಿ ಬಿಡಿಸುವ ಕಾಲ. ಆ ಭಾಗದಲ್ಲಿ ಮಕ್ಕಳೂ ಹೊಲಕ್ಕೆ ಹೋಗುತ್ತಾರೆ, ಕೆಲವು ಮನೆಯವರು ಗುಳೆ ಹೋಗುತ್ತಾರೆ. 48ರಲ್ಲಿ 20 ಮಕ್ಕಳು ಬಂದರೆ ಹೆಚ್ಚು. "ಈಗಾದ್ರೂ ಗದ್ದಲ ಕಡಿಮೆ, ಚೆನ್ನಾಗಿ ಕೇಳ್ತಿರಬೇಕಲ್ಲ?" ಅಂದೆ. ಅಕ್ಕೋರು ಸ್ವಲ್ಪ ಸಂಕೋಚದಿಂದಲೇ ಹೇಳಿದರು: "ಉಲ್ಟಾ ಆಗ್ಯಾದ ಸರ್. ಹುಡುಗರು ಕಡಿಮೆ ಆದಷ್ಟು ನನಗ ಇನ್ನೂ ಕಡಿಮೆ ಕೇಳಸ್ತದ. ಹಿಂಗೂ ಇರ್ತದೇನು? ನನ್ನ ಭ್ರಮೇನೋ ಏನೋ."

ಭ್ರಮೆ ಅಲ್ಲ. ಗದ್ದಲವೇ ಕಾರಣವಾಗಿದ್ದರೆ ಮಕ್ಕಳು ಕಡಿಮೆಯಾದಾಗ ಕೇಳುವುದು ಸುಧಾರಿಸಬೇಕಿತ್ತು. ಕಡಿಮೆ ಮಕ್ಕಳಿದ್ದಾಗ ಕೆಟ್ಟದಾಗುವುದು ಒಂದೇ ಒಂದು, ಕೋಣೆಯ ಗುಂಯ್‌ಗುಟ್ಟುವಿಕೆ. ಮಕ್ಕಳ ಮೈ, ಬಟ್ಟೆ, ಚೀಲಗಳು ಸದ್ದನ್ನು ಹೀರುತ್ತವೆ. ಅವರಿಲ್ಲದಿದ್ದರೆ ಸದ್ದು ಗೋಡೆಯಿಂದ ಗೋಡೆಗೆ ಚೆಂಡಿನ ಹಾಗೆ ಪುಟಿಯುತ್ತಲೇ ಇರುತ್ತದೆ. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಅನುರಣನ ಎನ್ನುತ್ತಾರೆ. ಗೋಳಗುಮ್ಮಟದಲ್ಲಿ ಕೂಗಿದರೆ ತಿರುಗಿ ಕೂಗುವುದು ಪ್ರತಿಧ್ವನಿ, ಅಲ್ಲಿ ಮರುದನಿ ಬಿಡಿಬಿಡಿಯಾಗಿ ಕೇಳುತ್ತದೆ. ಅನುರಣನದಲ್ಲಿ ಮರುದನಿಗಳು ಒಂದರ ಬಾಲ ಒಂದು ಹಿಡಿದು ಬರುವುದರಿಂದ ಬಿಡಿಸಿ ಕೇಳಲು ಆಗುವುದಿಲ್ಲ. ದನಿಗೆ ಬಾಲ ಬೆಳೆದ ಹಾಗೆ ಅನಿಸುತ್ತದೆ. ಕಿವಿ ಚೆನ್ನಾಗಿರುವವರು ಅದನ್ನು ಗಮನಿಸುವುದೂ ಇಲ್ಲ. ನಾನೂ ಗಮನಿಸಿರಲಿಲ್ಲ.

ಹಿಂದಿನ ಒಂದು ಘಟನೆಯೂ ಆಗ ಅವರಿಗೆ ನೆನಪಾಯಿತು. ಮಕ್ಕಳನ್ನು ಪ್ರವಾಸಕ್ಕೆ ಕಲಬುರಗಿ ಕೋಟೆಗೆ ಕರೆತಂದಿದ್ದರು. ಕೋಟೆಯ ಮೇಲೆ ಉದ್ದ ತೋಪಿನ ಹತ್ತಿರ, ಗಾಳಿ ಬೀಸುತ್ತಿದ್ದರೂ, ಮಕ್ಕಳ ಪ್ರಶ್ನೆಗಳೆಲ್ಲ ಕೇಳಿಸಿದವು. 1367ರ ಜಾಮಿ ಮಸೀದಿಯೊಳಗೆ ಕಾಲಿಟ್ಟಿದ್ದೇ ತಡ, ಪಕ್ಕದಲ್ಲಿ ನಿಂತ ಸಹೋದ್ಯೋಗಿಯ ಮಾತೂ ತಿಳಿಯಲಿಲ್ಲ. ಆ ಮಸೀದಿಗೆ ಒಳಗೆ ತೆರೆದ ಅಂಗಳವಿಲ್ಲ, ಇಡೀ ಜಾಗದ ಮೇಲೆ ಕಮಾನು, ಗುಮ್ಮಟ. ಮಷಿನ್ ಕೆಟ್ಟಿತು ಅಂತ ಅವರು ಬ್ಯಾಟರಿ ಬದಲಿಸಿದರಂತೆ.

ಜನವರಿಯ ಒಂದು ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ, ನಾನೇ ಹೋದೆ. ಕೋಣೆಯೊಳಗೆ ಹೆಜ್ಜೆ ಇಟ್ಟು ಚಪ್ಪಾಳೆ ಹೊಡೆದರೆ ಸಾಕಿತ್ತು, ಉತ್ತರ ಗೋಡೆಗಳೇ ಹೇಳಿದವು. ಏಳೂವರೆ ಮೀಟರ್ ಉದ್ದ, ಆರು ಮೀಟರ್ ಅಗಲ, 3.3 ಮೀಟರ್ ಎತ್ತರ. ಮೇಲೆ ಆರ್‌ಸಿಸಿ ಸ್ಲ್ಯಾಬು, ಸುತ್ತ ನುಣ್ಣಗೆ ಪ್ಲಾಸ್ಟರ್ ಮಾಡಿ ಎಣ್ಣೆ ಬಣ್ಣ ಬಳಿದ ಗೋಡೆ, ಕೆಳಗೆ ಶಹಾಬಾದಿ ಪರಸಿ. ನಮ್ಮ ಭಾಗದಲ್ಲಿ ಮನೆ, ಮಠ, ಕಚೇರಿ, ಬಸ್‌ಸ್ಟ್ಯಾಂಡು ಯಾವುದಕ್ಕೂ ಹಾಸುವುದು ಅದೇ ಕಲ್ಲು. ತಂಪು, ಅಗ್ಗ, ತಲೆಮಾರು ಬಾಳುತ್ತದೆ. ಸದ್ದಿನ ಮಟ್ಟಿಗೆ ಮಾತ್ರ ಅದು ಕನ್ನಡಿ. ಬಿದ್ದ ಸದ್ದಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಹೀರಿ ಉಳಿದದ್ದನ್ನೆಲ್ಲ ಹಿಂದಕ್ಕೆ ಎಸೆಯುತ್ತದೆ. ಚಳಿಗೆ ಮತ್ತು ಧೂಳಿಗೆ ಅಂತ ಕಿಟಕಿಗಳನ್ನು ಮುಚ್ಚಿದ್ದರು. ತೆರೆದ ಕಿಟಕಿ ಸದ್ದಿಗೆ ದೊಡ್ಡ ಬಿಲ, ಹೊರಗೆ ಹೋದದ್ದು ತಿರುಗಿ ಬರುವುದಿಲ್ಲ. ಅದನ್ನೂ ಮುಚ್ಚಿದ ಮೇಲೆ ಉಳಿದದ್ದು ಕಲ್ಲಿನ ಪೆಟ್ಟಿಗೆ.

ಒಂದು ಬಲೂನು ಊದಿ ಒಡೆದು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಸದ್ದು 60 ಡೆಸಿಬೆಲ್ ಇಳಿಯಲು ಎಷ್ಟು ಹೊತ್ತು ಹಿಡಿಯಿತು ಅಂತ ಆ್ಯಪಿನಲ್ಲಿ ನೋಡಿದೆ. ಇದು ಪ್ರಯೋಗಾಲಯದ ಅಳತೆ ಅಲ್ಲ, ಆದರೆ ನಮಗೆ ಬೇಕಾದಷ್ಟಕ್ಕೆ ಸಾಲುತ್ತದೆ. ಖಾಲಿ ಕೋಣೆ: 2.3 ಸೆಕೆಂಡು. ಇಷ್ಟು ಚಿಕ್ಕ ತರಗತಿಗೆ, ಮಕ್ಕಳಿಲ್ಲದಾಗ, 0.6 ಸೆಕೆಂಡು ಮೀರಬಾರದು ಎನ್ನುತ್ತದೆ ಅಮೆರಿಕದ ಶಾಲಾ ಕೋಣೆಗಳ ಮಾನದಂಡ. ಅದು ಕಿವಿ ಚೆನ್ನಾಗಿರುವ ಮಕ್ಕಳನ್ನು ನೆನೆದು ಬರೆದದ್ದು.

ಅಲ್ಲೇ ಬೋರ್ಡಿನ ಮೇಲೆ ಸಬೀನನ ಸೂತ್ರ ಬರೆದೆ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು ಹೊಸದಾಗಿ ಕಟ್ಟಿದ ಒಂದು ಉಪನ್ಯಾಸ ಕೋಣೆಯಲ್ಲಿ ಆಡಿದ ಮಾತು ಐದೂವರೆ ಸೆಕೆಂಡು ಗುಂಯ್‌ಗುಟ್ಟುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಸರಿಪಡಿಸು ಅಂತ ವ್ಯಾಲೇಸ್ ಸಬೀನ್ ಎನ್ನುವ ಎಳೆಯ ಭೌತಶಾಸ್ತ್ರದ ಮೇಷ್ಟರಿಗೆ ಹೇಳಿದರು. ಅವನು ರಾತ್ರಿ ಹೊತ್ತು ಪಕ್ಕದ ನಾಟಕಶಾಲೆಯ ಕುರ್ಚಿ ದಿಂಬುಗಳನ್ನು ಹೊತ್ತು ತಂದು ಆ ಕೋಣೆಯಲ್ಲಿ ಹರಡಿ, ಆರ್ಗನ್ ಪೈಪ್ ಊದಿ, ಗಡಿಯಾರ ಹಿಡಿದು ಅಳೆದ. ಬೆಳಗಾಗುವಷ್ಟರಲ್ಲಿ ಎಲ್ಲಾ ದಿಂಬು ವಾಪಸ್ ಇಡುತ್ತಿದ್ದ. ಅವನಿಗೆ ಸಿಕ್ಕ ಲೆಕ್ಕ ಸಲೀಸು: ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಕೋಣೆಯಲ್ಲಿರುವ ಒಟ್ಟು ಹೀರುವಿಕೆಯಿಂದ ಭಾಗಿಸು. ಬಂದದ್ದು ಅನುರಣನದ ಹೊತ್ತು.

ಅಕ್ಕೋರು ಗಣಿತದವರು. ನಾನು ಹೇಳಿ ಮುಗಿಸುವ ಮೊದಲೇ ಚಾಕ್‌ಪೀಸ್ ಕಿತ್ತುಕೊಂಡರು. ಘನ ಅಳತೆ 148.5. 2.3 ಸೆಕೆಂಡಿಗೆ ಹೀರುವಿಕೆ ಸುಮಾರು 10.4 ಚದರ ಮೀಟರ್ ಆಯಿತು, ಅಂದರೆ ಅಷ್ಟು ದೊಡ್ಡ ತೆರೆದ ಕಿಟಕಿ ನುಂಗುವಷ್ಟು. ಒಬ್ಬ ಕೂತ ಹುಡುಗ 0.3 ಅಂತ ಹಿಡಿದರೆ, 48 ಮಕ್ಕಳಿದ್ದಾಗ 0.96 ಸೆಕೆಂಡು. 20 ಮಕ್ಕಳಿದ್ದಾಗ 1.46. ಅವರು ಎರಡೂ ಉತ್ತರಗಳ ಕೆಳಗೆ ಗೆರೆ ಎಳೆದು, ಚಾಕ್‌ಪೀಸ್ ಕೆಳಗಿಟ್ಟು, "ಹತ್ತಿ ಬಿಡಿಸೋ ಲೆಕ್ಕ ಬಂತು ನೋಡ್ರಿ" ಅಂದರು.

ಇನ್ನು ಎಪ್ಪತ್ತು ಎಂಬತ್ತಾದದ್ದು. ಕನ್ನಡದ ಕಿವಿಗೆ ಇದು ಗೊತ್ತಿರಲೇಬೇಕಾದ ಸಂಗತಿ, ಯಾಕೆಂದರೆ ನಮ್ಮ ಭಾಷೆಯಲ್ಲಿ ಪ್ಪ, ತ್ತದಂಥ ಒತ್ತಕ್ಷರದ ಅರ್ಥ ನಿಂತಿರುವುದೇ ಮೌನದ ಮೇಲೆ. "ಎಪ್ಪತ್ತು" ಅನ್ನುವಾಗ "ಎ" ಆದ ಮೇಲೆ ತುಟಿ ಮುಚ್ಚುತ್ತದೆ, ಸೆಕೆಂಡಿನ ಹತ್ತನೇ ಒಂದು ಪಾಲು ಅಥವಾ ಅದಕ್ಕೂ ಸ್ವಲ್ಪ ಹೆಚ್ಚು ಹೊತ್ತು ಪೂರ್ತಿ ಸದ್ದಿಲ್ಲ, ಆಮೇಲೆ "ಪ" ಸಿಡಿಯುತ್ತದೆ. "ಎಂಬತ್ತು" ಅನ್ನುವಾಗಲೂ ತುಟಿ ಮುಚ್ಚುತ್ತದೆ, ಆದರೆ ಆ ಹೊತ್ತಿನಲ್ಲಿ ಮೂಗಿನಿಂದ ದನಿ ಹರಿಯುತ್ತಲೇ ಇರುತ್ತದೆ. ಅಂದರೆ ಎರಡರ ನಡುವಿನ ದೊಡ್ಡ ವ್ಯತ್ಯಾಸ: ಆ ಸಂದಿನಲ್ಲಿ ಸದ್ದು ಇದೆಯೋ ಇಲ್ಲವೋ. ಒಂದು ಸೆಕೆಂಡಿನ ಅನುರಣನದ ಕೋಣೆಯಲ್ಲಿ ಸದ್ದು ಸೆಕೆಂಡಿನ ಹತ್ತನೇ ಪಾಲಿಗೆ ಇಳಿಯುವುದು 6 ಡೆಸಿಬೆಲ್ ಮಾತ್ರ. ನನ್ನ ಪರೀಕ್ಷೆ ಕೋಣೆಯಲ್ಲಿ ಅದೇ ಹೊತ್ತಿಗೆ 30 ಇಳಿಯುತ್ತದೆ. ಹಾಗಾಗಿ ತರಗತಿಯಲ್ಲಿ "ಎ"ಯ ಬಾಲ ಬಂದು ಆ ಮೌನದ ಸಂದನ್ನು ತುಂಬುತ್ತದೆ. ಸಂದು ತುಂಬಿದ ಎಪ್ಪತ್ತು, ಎಂಬತ್ತಿನ ನೆಂಟ. ಕತ್ತೆ ಗದ್ದೆಯಾಗುವುದೂ, ಹತ್ತು ಎಲ್ಲೋ ಕರಗಿಹೋಗುವುದೂ ಹೀಗೇ.

ಇಷ್ಟಕ್ಕೂ ಅದೇ ಕೋಣೆಯಲ್ಲಿ ಬೇರೆ ಶಿಕ್ಷಕರಿಗೆ ಎಪ್ಪತ್ತು ಎಪ್ಪತ್ತಾಗಿಯೇ ಕೇಳುತ್ತದೆ. ಅವರ ಒಳಕಿವಿಯಲ್ಲಿ ಸದ್ದನ್ನು ನರಕ್ಕೆ ದಾಟಿಸುವ ರೋಮಕೋಶಗಳು ಸುಮಾರು 3,500 ಇವೆ, ಎರಡು ಕಿವಿ ಇವೆ, ಮೊದಲು ನೇರವಾಗಿ ಬಂದ ದನಿಗೆ ಪಟ್ಟ ಕಟ್ಟಿ ಆಮೇಲೆ ಬಂದ ಮರುದನಿಯನ್ನು ಹಿಂದೆ ಸರಿಸುವ ಮೆದುಳಿನ ಚಾಳಿ ಇದೆ. ಅಕ್ಕೋರಿಗೆ ಇರುವುದು 22 ಎಲೆಕ್ಟ್ರೋಡು, ಒಂದೇ ಕಿವಿ. ಪ್ರೊಸೆಸರ್ ದನಿಯ ಸೂಕ್ಷ್ಮ ನೇಯ್ಗೆಯನ್ನು ಬಿಟ್ಟು, ಅದರ ಏರಿಳಿತದ ಹೊರಗೆರೆಯನ್ನಷ್ಟೇ ನರಕ್ಕೆ ಕಳಿಸುತ್ತದೆ. ಅನುರಣನ ಮೊದಲು ಅಳಿಸುವುದು ಆ ಹೊರಗೆರೆಯನ್ನೇ. ಏರು ಇಳಿವಿನ ಕಣಿವೆಗಳಲ್ಲಿ ಮಣ್ಣು ತುಂಬಿ ಬಯಲು ಮಾಡಿದ ಹಾಗೆ. ಇನ್ನೊಂದು ಫಜೀತಿ: ಅವರ ಪ್ರೊಸೆಸರ್ ಪ್ರತಿ ಸಲವೂ 22 ಚಾನಲ್‌ಗಳಲ್ಲಿ ಜೋರಾಗಿರುವ ಎಂಟನ್ನು ಆರಿಸಿಕೊಳ್ಳುತ್ತದೆ. ಮಾತಿನ ನಡುವೆ ಮೌನ ಇರಬೇಕಾದ ಕಡೆ ಬಾಲ ಇದ್ದರೆ, ಪಾಪ, ಆ ಬಾಲದಲ್ಲೇ ಎಂಟನ್ನು ಆರಿಸಿ ನಿಷ್ಠೆಯಿಂದ ಕಳಿಸುತ್ತದೆ.

ಕೊಕ್ಕಿನಾಕಿಸ್, ಹಜ್ರತಿ, ಲೋಯಿಜು ಎನ್ನುವ ಸಂಶೋಧಕರು 2011ರಲ್ಲಿ ಇದನ್ನೇ ಇಂಪ್ಲಾಂಟ್ ಹಾಕಿಸಿಕೊಂಡವರ ಮೇಲೆ ಪರೀಕ್ಷಿಸಿದ್ದರು. 0.3, 0.6, 0.8, 1.0 ಸೆಕೆಂಡಿನ ಅನುರಣನದಲ್ಲಿ ವಾಕ್ಯಗಳನ್ನು ಕೇಳಿಸಿದರು. ಹೊತ್ತು ಹೆಚ್ಚಿದಂತೆ ಅರ್ಥವಾಗುವುದು ಒಂದೊಂದೇ ಮೆಟ್ಟಿಲು ಇಳಿಯಲಿಲ್ಲ, ಘಾತೀಯವಾಗಿ ಕುಸಿಯಿತು. ಬಾಲದ ಪಾಲು ಹೆಚ್ಚಿರುವ ಚಾನಲ್‌ಗಳನ್ನು ಲೆಕ್ಕ ಹಾಕಿ ಕೈಬಿಟ್ಟರೆ ಮಾತು ಮತ್ತೆ ದಂಡಿಯಾಗಿ ತಿಳಿಯುತ್ತದೆ ಅಂತಲೂ ತೋರಿಸಿದರು. ಆದರೆ ಆ ಲೆಕ್ಕಕ್ಕೆ ಶುದ್ಧ ದನಿ ಯಾವುದು ಅಂತ ಮೊದಲೇ ಗೊತ್ತಿರಬೇಕು. ಪ್ರಯೋಗದಲ್ಲಿ ಗೊತ್ತಿರುತ್ತದೆ. ಏಳನೇ ತರಗತಿಯಲ್ಲಿ ಯಾರು ಹೇಳಬೇಕು?

ನಾನು ಕೊಟ್ಟ ಗದ್ದಲ ತಗ್ಗಿಸುವ ಪ್ರೋಗ್ರಾಂ ಯಾಕೆ ಕೆಲಸಕ್ಕೆ ಬರಲಿಲ್ಲ ಎನ್ನುವುದೂ ಈಗ ಸ್ಪಷ್ಟ. ಅದು ಫ್ಯಾನಿನ, ಎಂಜಿನಿನ ಹಾಗೆ ಒಂದೇ ಸಮ ಇರುವ ಸದ್ದನ್ನು ಗುರುತಿಸುತ್ತದೆ. ಇಲ್ಲಿ ಗದ್ದಲವಾಗಿರುವುದು ಮಾತಿನದೇ ನೆರಳು. ಮುಂದಿನ ದನಿ ಹಿಡಿಯುವ ಮೈಕು ಹತ್ತಿರದವರಿಗೆ ಸರಿ. ಈ ಕೋಣೆಯಲ್ಲಿ ಮಾತಾಡುವವರಿಂದ ಸುಮಾರು ಒಂದು ಮೀಟರ್ ದಾಟಿದರೆ ನೇರ ದನಿಗಿಂತ ಮರುದನಿಯೇ ಹೆಚ್ಚು, ಅದು ಎಲ್ಲಾ ದಿಕ್ಕಿನಿಂದ ಬರುತ್ತದೆ, ಮುಂದಿನಿಂದಲೂ ಬರುತ್ತದೆ. ಮೊದಲ ಬೆಂಚಿನ ಮಕ್ಕಳೂ ಆ ಗಡಿಯ ಆಚೆಯೇ ಇದ್ದರು.

ಹಾಗಾದರೆ ಏನು ಮಾಡುವುದು? ಇಂಥ ಸಮಸ್ಯೆಗೆ ಪುಸ್ತಕದಲ್ಲಿರುವ ಉತ್ತರ ಶಿಕ್ಷಕರ ಕೊರಳಿಗೆ ವೈರ್‌ಲೆಸ್ ಮೈಕ್ ಹಾಕುವುದು. ಕಿವಿ ಕೇಳದ ಮಗು ಒಂದು, ಮಾತಾಡುವವರು ಒಬ್ಬರು, ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ತಲೆಕೆಳಗು. ಕೇಳಬೇಕಾದವರು ಒಬ್ಬರು, ಮಾತಾಡುವವರು 48 ಜನ, ಅದೂ ಯಾವಾಗ ಯಾರು ಬಾಯಿ ತೆರೆಯುತ್ತಾರೆ ಅಂತ ಹೇಳಲಾಗದ ಹನ್ನೆರಡು ಹದಿಮೂರರ ವಯಸ್ಸಿನವರು. 48 ಮೈಕ್ ತರುವ ಹಾಗಿಲ್ಲ. ಮೊದಲು ಕೋಣೆಯನ್ನೇ ಹಿಡಿಯಬೇಕು ಅಂತ ನಿರ್ಧಾರವಾಯಿತು.

ಮುಖ್ಯಗುರುಗಳು ಒಳ್ಳೆಯ ಮನುಷ್ಯ. ನಾನು ಹೇಳಿದ್ದು ಕೇಳಿ ಮರುದಿನವೇ ಮೊಟ್ಟೆ ಟ್ರೇ ಕೂಡಿಸತೊಡಗಿದರು. ಬಿಸಿಯೂಟಕ್ಕೆ ಮೊಟ್ಟೆ ಬರುವುದರಿಂದ ಶಾಲೆಯಲ್ಲಿ ಅವಕ್ಕೇನೂ ಬರವಿಲ್ಲ. ಸ್ಟುಡಿಯೋಗಳಲ್ಲಿ ಅದನ್ನೇ ಅಂಟಿಸುತ್ತಾರೆ ಅಂತ ಯಾರೋ ಹೇಳಿದ್ದರಂತೆ. ನಾನು ಬೇಡ ಅಂದೆ. ತೆಳು ರಟ್ಟು ಮಾತಿನ ಸದ್ದನ್ನು ಹೀರುವುದು ಅಷ್ಟಕ್ಕಷ್ಟೇ, ಬೆಂಕಿ ತಗುಲಿದರೆ ಮಾತ್ರ ಚೆನ್ನಾಗಿ ಹೊತ್ತುತ್ತದೆ, ಜಿರಲೆಗೂ ಪ್ರೀತಿ. ಸದ್ದು ಹೀರಲು ದಪ್ಪ ಬೇಕು, ಗಾಳಿ ಒಳಗೆ ನುಸುಳುವಂಥ ಮೆದುವಾದ ವಸ್ತು ಬೇಕು. ಮಾರುಕಟ್ಟೆಯ ಫಲಕಗಳ ದರ ಹೇಳಿದಾಗ ಅವರು ನಕ್ಕು ಸುಮ್ಮನಾದರು. ಕೋಣೆ ದುರಸ್ತಿಗೆ ಕೊಟ್ಟ ಅರ್ಜಿಯಂತೂ ಎಲ್ಲಿ ಹೋಯಿತೋ, ಇಂದಿಗೂ ಉತ್ತರವಿಲ್ಲ.

ದಾರಿ ತೋರಿಸಿದ್ದು ಅಕ್ಕೋರೇ. ಅವರ ತವರುಮನೆ ಹಳೆಯ ಮಣ್ಣಿನ ಮಾಳಿಗೆಯದು: ತೊಲೆ, ಜಂತಿ, ಮೇಲೆ ಮಣ್ಣು, ದಪ್ಪ ಮಣ್ಣಿನ ಗೋಡೆ, ಒಂದು ಮೂಲೆಯಲ್ಲಿ ಜೋಳದ ಚೀಲ, ಇನ್ನೊಂದು ಮೂಲೆಯಲ್ಲಿ ಕೌದಿ ಒಟ್ಟು. "ಆ ಕೌದಿ ಇಟ್ಟ ಖೋಲ್ಯಾಗ ಫೋನ್ ಹಚ್ಚಿದ್ರ ಎಲ್ಲಾಕಿಂತ ಛಂದ ಕೇಳಸ್ತದ್ರಿ. ನಾ ಅದಕ್ಕ ಅಲ್ಲೇ ಕುಂತು ಮಾತಾಡ್ತೀನಿ" ಅಂದರು. ಕಾರಣ ಗೊತ್ತಿಲ್ಲದೆಯೇ ಅವರ ಮೈ ಒಳ್ಳೆಯ ಕೋಣೆಯನ್ನು ಹುಡುಕಿಕೊಂಡಿತ್ತು.

ಕೌದಿ ಅಂದರೆ ಈ ಕಡೆಯವರಿಗೆ ವಿವರಣೆ ಬೇಕಿಲ್ಲ. ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರ ಹಾಸಿ, ಅಂಚಿನಿಂದ ನಡುವಿಗೆ ಕೈಹೊಲಿಗೆ ಹಾಕುತ್ತಾ ಬಂದು ಮಾಡಿದ ಹೊದಿಕೆ. ಎತ್ತಿದರೆ ಕೈ ಜಗ್ಗುವಷ್ಟು ಭಾರ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ವಿಷಯ ಇಟ್ಟಾಗ "ಶಾಲ್ಯಾಗ ಕೌದಿ ಹಾಸಿ ಮಲಗಸ್ತೀರೇನು?" ಅಂತ ಒಬ್ಬರು ನಗಾಡಿದರು. ಎಪ್ಪತ್ತು ಅಂದಿದ್ದ ಹುಡುಗನ ಅಪ್ಪನೂ ಆ ಸಭೆಯಲ್ಲಿದ್ದ. ಅವನು ಏನೂ ಮಾತಾಡಲಿಲ್ಲ. ಎರಡು ದಿನದ ಮೇಲೆ ಸೈಕಲ್ಲಿನ ಮೇಲೆ ಎರಡು ಕೌದಿ ಹೇರಿಕೊಂಡು ಬಂದ.

ಒಟ್ಟು ಏಳು ಕೌದಿ ಕೂಡಿದವು, ಸುಮಾರು 21 ಚದರ ಮೀಟರ್. ಗೋಡೆಗೆ ಒತ್ತಿ ಹೊಡೆಯಬೇಡಿ, ನಾಲ್ಕು ಬೆರಳಿಗಿಂತ ಹೆಚ್ಚು, ಒಂದು ಗೇಣಿನ ಅರ್ಧದಷ್ಟಾದರೂ ಸಂದು ಬಿಡಿ ಅಂದೆ. ಗೋಡೆಗೆ ತಾಗಿದ ಜಾಗದಲ್ಲಿ ಗಾಳಿಯ ಕಣಗಳು ಅಲುಗುವುದಿಲ್ಲ, ಅಲುಗದ ಕಡೆ ಬಟ್ಟೆಗೆ ಹೀರಲು ಏನೂ ಸಿಗುವುದಿಲ್ಲ. ಸ್ವಲ್ಪ ದೂರ ಬಂದರೆ ಅದೇ ಬಟ್ಟೆ ಇನ್ನಷ್ಟು ಕೆಲಸ ಮಾಡುತ್ತದೆ. ಬಿದಿರಿನ ಗಳಕ್ಕೆ ಹೊಲಿದು, ಗಳವನ್ನು ಮೊಳೆಗಳಿಂದ ಮುಂದಕ್ಕೆ ಇಳಿಬಿಟ್ಟರು. ಐದು ಬೋರ್ಡಿನ ಎದುರು ಗೋಡೆಗೆ, ಎರಡು ಕಿಟಕಿಗಳ ನಡುವೆ. ಕೌದಿಯ ಕೆಂಪು, ಹಸಿರು ಚೌಕಗಳಿಂದ ಕೋಣೆ ಮದುವೆ ಮನೆ ಆಯಿತು ಅಂತ ಪಕ್ಕದ ತರಗತಿಯವರು ಹೊಟ್ಟೆಕಿಚ್ಚು ಪಟ್ಟರಂತೆ.

ಮತ್ತೆ ಬಲೂನು ಒಡೆದೆವು. ಖಾಲಿ ಕೋಣೆ 2.3ರಿಂದ ಸುಮಾರು 1.3ಕ್ಕೆ ಇಳಿದಿತ್ತು. 48 ಮಕ್ಕಳನ್ನು ಕೂರಿಸಿ ಒಡೆದಾಗ 0.7ರ ಆಸುಪಾಸು. ಬಲೂನು ಒಡೆದ ಮೇಲೆ ಎರಡು ಸೆಕೆಂಡು ಉಸಿರು ಬಿಗಿಹಿಡಿದು ಕೂರಿ ಅಂತ 48 ಮಕ್ಕಳಿಗೆ ಹೇಳುವುದು ಈ ಇಡೀ ಪ್ರಕರಣದ ಅತ್ಯಂತ ಕಷ್ಟದ ಕೆಲಸವಾಗಿತ್ತು. ಆರನೇ ಬಲೂನಿಗೆ ಸಾಧ್ಯವಾಯಿತು.

ಹೆಚ್ಚು ಹೇಳಬಾರದು. 0.7 ಎಂದರೆ ಇಂಪ್ಲಾಂಟಿನ ಕಿವಿಗೆ ಇನ್ನೂ ಕಷ್ಟದ ಕೋಣೆಯೇ. ಮೂರನೇ ಸಾಲಿನ ಬೆಂಚಿನಿಂದ ಒಬ್ಬ ಹುಡುಗನ ಕೈಯಲ್ಲಿ ಪಟ್ಟಿ ಕೊಟ್ಟು 25 ಪದ ಓದಿಸಿದೆ. ಕೌದಿ ಕಟ್ಟುವ ಮೊದಲು ಅಕ್ಕೋರು ಹಿಡಿದದ್ದು 9, ಕಟ್ಟಿದ ಮೇಲೆ 14. ನನ್ನ ಕ್ಲಿನಿಕ್ಕಿನ 22ಕ್ಕೂ ಇದಕ್ಕೂ ಇನ್ನೂ ದೂರ.

ಉಳಿದ ದೂರಕ್ಕೆ ಮೈಕ್ ಬೇಕಾಯಿತು. ಅವರ ಪ್ರೊಸೆಸರಿಗೆ ಹೊಂದುವ ಒಂದು ಪುಟ್ಟ ಕ್ಲಿಪ್ ಮೈಕ್ ಅನ್ನು ಸಂಬಳದಲ್ಲಿ ಕಂತು ಹಿಡಿದು ತೆಗೆದುಕೊಂಡರು. ಮೂರು ಮೀಟರಿನ ಬದಲು ಬಾಯಿಂದ ಒಂದು ಗೇಣಿಗಿಂತ ಕಡಿಮೆ, 15 ಸೆಂಟಿಮೀಟರ್ ದೂರದಲ್ಲಿ ಮೈಕ್ ಇದ್ದರೆ ನೇರ ದನಿ 26 ಡೆಸಿಬೆಲ್ ಹೆಚ್ಚು ಸಿಗುತ್ತದೆ. ಕೋಣೆಯ ಪಾಲು ಅದರ ಮುಂದೆ ಬಹುತೇಕ ಇಲ್ಲದಂತೆಯೇ. ಸಿದ್ಧಾಂತ ಇಷ್ಟು ಚೆಂದ. ಮೊದಲ ವಾರ ಮೈಕ್ ಕೈಯಿಂದ ಕೈಗೆ ದಾಟಿಸಿದರು: ಒಬ್ಬ ಊದಿದ, ಒಬ್ಬ ಸಿಳ್ಳೆ ಹಾಕಿದ, ಒಬ್ಬ ಪಕ್ಕದವನನ್ನು ಬೈದ ಬೈಗುಳ ಅಕ್ಕೋರ ತಲೆಯೊಳಗೆ ನೇರವಾಗಿ, ಸ್ಪಷ್ಟವಾಗಿ ಕೇಳಿಸಿತು. "ಕೇಳಿದ್ದು ಬೈಗಳ ಆದ್ರೂ ಒಂದಕ್ಷರ ತಪ್ಪಿರಲಿಲ್ಲ ಸರ್" ಅಂತ ಫೋನಿನಲ್ಲಿ ನಕ್ಕರು. ಜೊತೆಗೆ, ಮೈಕ್ ಮೂಲೆಯಿಂದ ಮೂಲೆಗೆ ಹೋಗುವಷ್ಟರಲ್ಲಿ ಪಾಠದ ಓಟ ನಿಲ್ಲುತ್ತಿತ್ತು.

ಕೊನೆಗೆ ಅವರು ಕಂಡುಕೊಂಡ ಉಪಾಯ: ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದು ಹಳೆಯ ಛಡಿ ಬಿದ್ದಿತ್ತು. ಮಕ್ಕಳನ್ನು ಹೊಡೆಯುವುದಕ್ಕೆ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ತಡೆ ಇರುವುದರಿಂದ ಅದಕ್ಕೆ ಬೇರೆ ಕೆಲಸ ಇರಲಿಲ್ಲ. ಅದರ ತುದಿಗೆ ಮೈಕ್ ಕಟ್ಟಿಕೊಂಡು ಬೆಂಚುಗಳ ನಡುವಿನ ಓಣಿಯಲ್ಲಿ ಓಡಾಡುತ್ತಾರೆ, ಯಾರು ಕೈ ಎತ್ತುತ್ತಾರೋ ಅವರ ಬಾಯಿ ಹತ್ತಿರಕ್ಕೆ ಚಾಚುತ್ತಾರೆ. ಮೊದಲ ದಿನ ಛಡಿ ಚಾಚಿದ ಕೂಡಲೇ ಮುಂದಿನ ಬೆಂಚಿನ ಹುಡುಗ ಅಭ್ಯಾಸಬಲದಿಂದ ಅಂಗೈ ಮುಂದೆ ಮಾಡಿದನಂತೆ. ಎಲ್ಲಿಂದ ಬಂತು ಆ ಅಭ್ಯಾಸ ಅಂತ ನಾನು ಕೇಳಲಿಲ್ಲ.

ಮೈಕಿನ ಜೊತೆ ಅದೇ ಮೂರನೇ ಸಾಲಿನ ಪರೀಕ್ಷೆಯಲ್ಲಿ 25ಕ್ಕೆ 21.

ಇವುಗಳ ಜೊತೆಗೆ ಸಲಕರಣೆ ಬೇಡದ ಕೆಲಸಗಳೂ ಇದ್ದವು, ಅವುಗಳಲ್ಲಿ ಅರ್ಧ ಅಕ್ಕೋರು ಮೊದಲಿನಿಂದ ಗುಟ್ಟಾಗಿ ಮಾಡುತ್ತಿದ್ದವೇ. ಉತ್ತರವನ್ನು ಪಾಟಿಯ ಮೇಲೆ ಬರೆದು ಎತ್ತಿ ತೋರಿಸುವುದು. ಸಂಖ್ಯೆಯನ್ನು ಬಿಡಿಸಿ ಹೇಳುವುದು: "ಎಪ್ಪತ್ತು, ಏಳು ಸೊನ್ನೆ". ಏಳು ಎಂಟಾಗಿ ಕೇಳುವ ಭಯವಿಲ್ಲ. ಗುಟ್ಟು ಬಿಟ್ಟು ಇದನ್ನು ತರಗತಿಯ ನಿಯಮ ಮಾಡಿ, ಕಾರಣವನ್ನೂ ಮಕ್ಕಳಿಗೆ ಹೇಳಿ ಅಂದೆ. ಅದಕ್ಕೆ ಅವರು ಒಪ್ಪಲು ಮೈಕ್ ಕೊಳ್ಳುವುದಕ್ಕಿಂತ ಹೆಚ್ಚು ದಿನ ಹಿಡಿಯಿತು. ಕಿವುಡಿ ಪಾಠ ಹೆಂಗ ಹೇಳ್ತಾಳ ಅನ್ನುವ ಮಾತು ಎಲ್ಲಿಂದಾದರೂ ಮೇಲಿನವರಿಗೆ ಬರವಣಿಗೆಯಲ್ಲಿ ಹೋದರೆ ಎನ್ನುವ ಹೆದರಿಕೆ ಅವರಿಗಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಕಲಮನ್ನು ಓದಿ ಹೇಳಿದೆ: ಸೇವೆಯಲ್ಲಿರುವಾಗ ವೈಕಲ್ಯ ಬಂದ ನೌಕರರನ್ನು ಅದೇ ಕಾರಣಕ್ಕೆ ತೆಗೆಯುವ ಹಾಗಿಲ್ಲ, ಹುದ್ದೆ ಇಳಿಸುವ ಹಾಗಿಲ್ಲ, ಕೆಲಸಕ್ಕೆ ತಕ್ಕ ಅನುಕೂಲ ಮಾಡಿಕೊಡುವುದು ಸರ್ಕಾರಿ ಸಂಸ್ಥೆಯ ಹೊಣೆ. ಮುಖ್ಯಗುರುಗಳು ಅದರ ಒಂದು ಪ್ರತಿಯನ್ನು ಅವರ ಕಡತದಲ್ಲಿ ಇಟ್ಟರು, ಕೌದಿಗಳನ್ನು ಶಾಲೆಯ ಸಾಮಾನು ಪಟ್ಟಿಯಲ್ಲಿ ಬರೆಸಿದರು.

ಸರಿಹೋಗದ್ದೂ ಇದೆ. ತಾಲ್ಲೂಕು ಮಟ್ಟದ ತರಬೇತಿ ನಡೆಯುವ ಸಭಾಂಗಣದಲ್ಲಿ ಧ್ವನಿವರ್ಧಕ ಹಚ್ಚಿದಷ್ಟೂ ಗುಂಯ್ ಹೆಚ್ಚು. ಮೈಕನ್ನು ವೇದಿಕೆಯ ಮೇಲೆ ಇಡಿ ಅಂತ ಕೇಳಿದರೆ ಕೆಲವರು ಇಡುತ್ತಾರೆ, ಕೆಲವರು ರೆಕಾರ್ಡ್ ಮಾಡುತ್ತಾರೇನೋ ಅಂತ ಅನುಮಾನದಿಂದ ನೋಡುತ್ತಾರೆ. ಕಲ್ಯಾಣ ಮಂಟಪಗಳ ಆಸೆಯನ್ನು ಅಕ್ಕೋರು ಬಿಟ್ಟಿದ್ದಾರೆ. ಮದುವೆಗೆ ಹೋಗುತ್ತಾರೆ, ಅಕ್ಷತೆ ಹಾಕಿ ಊಟದ ಪಂಗ್ತಿಯ ಹೊರಗೆ, ಬಯಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಮಳೆಗಾಲದಲ್ಲಿ ಕೌದಿ ಮುಗ್ಗಲು ವಾಸನೆ ಹೊಡೆದು ಎರಡು ವಾರ ಇಳಿಸಿ ಒಣಗಿಸಬೇಕಾಯಿತು. ಆ ಎರಡು ವಾರ ಮತ್ತೆ ಹಳೆಯ ಕಥೆ. ಎಡಕಿವಿಗೂ ಇಂಪ್ಲಾಂಟ್ ಆದರೆ ಅನುಕೂಲ ಎನ್ನುವುದು ಇಬ್ಬರಿಗೂ ಗೊತ್ತು, ಖರ್ಚು ಎಷ್ಟು ಎನ್ನುವುದೂ ಗೊತ್ತು.

ನನ್ನ ಕ್ಲಿನಿಕ್ಕಿನಲ್ಲಿ ಈಗ ಮ್ಯಾಪ್ ತೆರೆಯುವ ಮೊದಲು ಮನೆಯ, ಅಂಗಡಿಯ, ತರಗತಿಯ ಫೋಟೋ ತರಿಸಿಕೊಳ್ಳುತ್ತೇನೆ. ನೆಲ ಯಾವುದು, ಮೇಲೆ ಏನು, ಕಿಟಕಿ ತೆರೆದಿರುತ್ತದೋ ಇಲ್ಲವೋ ಅಂತ ಕೇಳುತ್ತೇನೆ. ಕೆಲವರು ನಾನು ಕಟ್ಟಡದ ಮೇಸ್ತ್ರಿಯೋ ಏನೋ ಅಂತ ನೋಡುತ್ತಾರೆ.

ಅಕ್ಕೋರು ಸಬೀನನ ಲೆಕ್ಕವನ್ನು ಏಳನೇ ತರಗತಿಯ ಗಣಿತದ ಪಾಠಕ್ಕೆ ಸೇರಿಸಿಕೊಂಡಿದ್ದಾರೆ. ತಿಂಗಳಿಗೊಮ್ಮೆ ಒಂದು ಬಲೂನು ಒಡೆದು, ರೆಕಾರ್ಡಿಂಗನ್ನು ವಾಟ್ಸ್‌ಆ್ಯಪಿನಲ್ಲಿ ನನಗೆ ಕಳಿಸುತ್ತಾರೆ. ಹೋದ ಡಿಸೆಂಬರಿನದು ಬಂದಾಗ ಹಾಜರಿ 19 ಅಂತ ಬರೆದಿದ್ದರು. ಮಕ್ಕಳು ಬೋರ್ಡಿನ ಮೇಲೆ ಹಾಕಿದ ಲೆಕ್ಕದ ಫೋಟೋ ಜೊತೆಗಿತ್ತು, ಉತ್ತರ 0.98. ಬಲೂನಿನ ಅಳತೆ ಮಾತ್ರ 1.03 ಬಂತು. ಇಷ್ಟು ಚಿಕ್ಕ ವ್ಯತ್ಯಾಸ ಅಳತೆಯ ಏರುಪೇರೇ ಇರಬಹುದು ಅಂತ ಬರೆದೆ. ಸ್ವಲ್ಪ ಹೊತ್ತಿಗೆ ಅಕ್ಕೋರ ದನಿಯ ಸಂದೇಶ ಬಂತು: "ಏರುಪೇರಲ್ಲ ಸರ್. ಚಳಿ ಭಾಳ ಬಿದ್ದದ ಅಂತ ಒಬ್ಬ ಹುಡುಗನ ಅಜ್ಜಿ ನಿನ್ನೆ ಬಂದು ತನ್ನ ಕೌದಿ ಒಯ್ದಾಳ. ಹುಡುಗರು ಏಳೇ ಹಿಡಿದು ಲೆಕ್ಕ ಹಾಕ್ಯಾರ."